ಬಳೆಗಾರ್ತಿಯ ಹೆಬ್ಬೆರಳು

ಸಿರುಗುಪ್ಪದ ನಮ್ಮ ಓಣಿಗೆ ಬರುತ್ತಿದ್ದ ಬಳೆಗಾರ್ತಿ ಬಳೆ ಏರಿಸುವಾಗ ಕೈ ನೋಡುತ್ತಿರಲಿಲ್ಲ, ಮುಖ ನೋಡುತ್ತಿದ್ದಳು. ಬಾಯಲ್ಲಿ ಒಂದೇ ಮಾತು: "ಕೈ ಸಡ್ಲ ಬಿಡವ್ವಾ."

ಅಕ್ಕನ ಸೀಮಂತದ ದಿನ ಹಸಿರು ಬಳೆಯೊಂದು ಒಡೆದು, ಅದರ ಚೂರು ಅಕ್ಕನ ಮಣಿಕಟ್ಟಿಗೆ ನೆಟ್ಟಿತು. ರಕ್ತ ಜಿನುಗಿತು. ಶುಭದಿನ ಬಸುರಿಯ ರಕ್ತ ಕಂಡರೆ ಕೇಡು ಎಂದು ನಂಬಿದ್ದ ಅವಳ ಅತ್ತೆ ಧಡಕ್ಕನೆ ಎದ್ದು ಬಂದರು.

"ಯಾರ ರಕ್ತ ಅದು?"

ಬಳೆಗಾರ್ತಿ ಗಾಯದ ಮೇಲೆ ಹೆಬ್ಬೆರಳಿಟ್ಟು ಸೆರಗು ಮುಚ್ಚಿದಳು. "ನಂದ್ರೀ ಯವ್ವಾ. ಗಾಜು ನನ್ನ ಬೆರಳಿಗಿ ಚುಚ್ಚೈತಿ."

"ಎಲ್ಲಿ, ತೋರ್ಸು ಬೆರಳು."

ಅಕ್ಕ ಮುಷ್ಟಿ ಬಿಗಿದಳು. ಬಳೆಗಾರ್ತಿ ಅವಳ ಮುಖವನ್ನೇ ನೋಡುತ್ತ "ಕೈ ಸಡ್ಲ ಬಿಡವ್ವಾ" ಎಂದಳು. ಸೆರಗಿನ ಮರೆಯಲ್ಲಿ ಉಗುರಿನಿಂದ ಚೂರು ಕಿತ್ತು, ಅದನ್ನೇ ತನ್ನ ಹೆಬ್ಬೆರಳಿಗೆ ಒತ್ತಿಕೊಂಡದ್ದು ಪಕ್ಕದಲ್ಲಿದ್ದ ನನಗೆ ಮಾತ್ರ ಕಂಡಿತು.

ಆಮೇಲೆ ಅತ್ತೆಯ ಕಡೆ ಬೆರಳೆತ್ತಿದಳು. "ನೋಡ್ರಿ."