ನಾಲ್ಕು ಗಂಟೆಯ ಉಪ್ಪು

ಅಡುಗೆಯ ವಿಷಯದಲ್ಲಿ ನಾನು ವಿನಯವಂತೆ ಅಲ್ಲ. ಶಾಲೆಯಲ್ಲಿ ಮುಖ್ಯಗುರುಗಳು ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತೇನೆ, ಬಸ್ಸಿನಲ್ಲಿ ಕಂಡಕ್ಟರ್ ಹಿಂದೆ ಸರೀರಿ ಎಂದರೆ ಸರಿಯುತ್ತೇನೆ. ಆದರೆ ಒಲೆಯ ಮುಂದೆ ನಿಂತಾಗ ನನಗೆ ಯಾರೂ ಬುದ್ಧಿ ಹೇಳಬಾರದು. ರೋಣದ ನಮ್ಮ ಓಣಿಯಲ್ಲಿ ಯಾರ ಮನೆಯ ಬಿರಿಯಾನಿ ತಳ ಹಿಡಿದರೂ ಮೊದಲು ನನಗೇ ಕರೆ ಬರುತ್ತದೆ. ನನ್ನ ಗಂಡ ಗಾದಿ ತುಂಬುವವರು. ಅವರ ಗಾದಿಯ ಮೇಲೆ ಮಲಗಿದವರಿಗಿಂತ ನನ್ನ ಕೈಯೂಟ ಉಂಡವರೇ ಹೆಚ್ಚು ಸುಖಪಟ್ಟಿದ್ದಾರೆ ಎಂದು ಅವರಿಗೆ ಆಗಾಗ ನೆನಪು ಮಾಡುತ್ತಿರುತ್ತೇನೆ. ಅವರು "ಹೂಂ" ಎಂದು ಸೂಜಿಗೆ ದಾರ ಪೋಣಿಸುತ್ತಾರೆ.

ರಂಜಾನ್ ತಿಂಗಳ ಒಂದು ಭಾನುವಾರ ನಮ್ಮ ಮನೆಯಲ್ಲಿ ಇಫ್ತಾರ್ ಕೂಟ. ನಾನು ಕಲಿಸುವ ಹಳ್ಳಿ ಶಾಲೆಯ ಸಹೋದ್ಯೋಗಿಗಳು, ನರಗುಂದದಿಂದ ಗಂಡನ ಕಡೆಯವರು, ಎಲ್ಲ ಸೇರಿ ಮೂವತ್ತು ಮಂದಿ. ಮೂವತ್ತು ಮಂದಿಗೆ ಅಡುಗೆ ಮಾಡುವುದು ನನಗೆ ದೊಡ್ಡ ಮಾತಲ್ಲ. ದೊಡ್ಡ ಮಾತು ಬೇರೆ ಇದೆ. ಮಾಡುವವಳೇ ರೋಜಾ, ಅಂದರೆ ಉಪವಾಸ, ಇದ್ದಾಳೆ. ನೀರಿನ ಹನಿ ಕೂಡ ಗಂಟಲಿಗೆ ಇಳಿಯುವಂತಿಲ್ಲ, ಉಪ್ಪು ನೋಡುವುದು ಹೇಗೆ? ಗಂಡ ಸಿಡುಕನಾಗಿದ್ದು, ಉಪ್ಪು ಹೆಚ್ಚುಕಡಿಮೆಯಾದರೆ ರಂಪ ಮಾಡುವವನಾಗಿದ್ದರೆ, ಹೆಂಡತಿ ನಾಲಿಗೆಯ ತುದಿಗೆ ಮುಟ್ಟಿಸಿ ಉಗುಳಬಹುದು ಎಂದು ನಮ್ಮ ಹಿರಿಯರು ಹೇಳುವುದುಂಟು. ನನ್ನ ದುರದೃಷ್ಟಕ್ಕೆ ನನ್ನ ಗಂಡ ಬಲು ಸಾಧು. ಆ ರಿಯಾಯಿತಿ ನನಗೆ ಸಿಕ್ಕಿಲ್ಲ.

ಈ ತೊಡಕನ್ನು ಇಪ್ಪತ್ತು ವರ್ಷಗಳಿಂದ ಬಿಡಿಸುತ್ತಿದ್ದವಳು ಪಕ್ಕದ ಮನೆಯ ಅಕ್ಕ. ಲಿಂಗಾಯತರ ಮನೆ, ಮಾಂಸ ಮುಟ್ಟುವವರಲ್ಲ. ಇಬ್ಬರು ಸೊಸೆಯರನ್ನು ಕಟ್ಟಿಕೊಂಡು ಖಡಕ್ ರೊಟ್ಟಿ ಮಾಡಿ ಮಾರುತ್ತಾಳೆ. ನಾನು ಈ ಮನೆಗೆ ಬಂದ ಹೊಸತರಲ್ಲಿ, ರೋಜಾ ಇದ್ದುಕೊಂಡು ಬೇಳೆ ಸಾರಿಗೆ ಎರಡು ಸಲ ಉಪ್ಪು ಹಾಕಿ ಅತ್ತೆಯಿಂದ ಬೈಸಿಕೊಂಡಿದ್ದೆ. ಅದು ಗೋಡೆಯಾಚೆ ಕೇಳಿಸಿತ್ತು. ಮರುದಿನ ಸಂಜೆ ನಾಲ್ಕಕ್ಕೆ ಅಕ್ಕ ಹಿತ್ತಲ ಬಾಗಿಲಿಗೆ ಬಂದು ಅಂಗೈ ಚಾಚಿ, ಇಲ್ಲಿ ಹಾಕು ನೋಡೋಣ ಎಂದಳು. ಅಂದಿನಿಂದ ಅದೇ ಪದ್ಧತಿಯಾಯಿತು. ಮಾಂಸ ಮುಟ್ಟದ ಪಾತ್ರೆಯೊಂದರಲ್ಲಿ ಮಸಾಲೆಯ ರಸವನ್ನು ಬೇರೆಯಾಗಿ ಕುದಿಸುವುದು. ನಾಲ್ಕಕ್ಕೆ ಅಕ್ಕ ಬಂದು ಹಿತ್ತಲ ಕಟ್ಟೆಯ ಮೇಲೆ ಕೂತು, ಅಂಗೈಗೆ ಹನಿಸಿಕೊಂಡು ನೆಕ್ಕಿ, ಉಪ್ಪು ಇಷ್ಟು, ಹುಳಿ ಇಷ್ಟು ಎಂದು ಹೇಳುವುದು. ಅವಳು ಹೇಳಿದ ಮೇಲೆಯೇ ಉಪ್ಪು ಬೀಳುವುದು. ಆಮೇಲೆ ಆ ರಸವನ್ನು ಮಾಂಸದ ಮೇಲೆ ಸುರಿಯುವುದು. ನಮ್ಮ ಅತ್ತೆ ಮೊದಮೊದಲು ಮುಖ ತಿರುವಿದರು. ಎರಡನೇ ವರ್ಷ ಅವರೇ ಮೂರೂಮುಕ್ಕಾಲಕ್ಕೆ ಕಟ್ಟೆ ಒರೆಸತೊಡಗಿದರು. ಅಕ್ಕನನ್ನು ಯಾರೂ ಕರೆಯುತ್ತಿರಲಿಲ್ಲ. ನಾಲ್ಕಾಯಿತೆಂದರೆ ಬರುತ್ತಿದ್ದಳು. ಊಟ ಮೂವತ್ತು ಮಂದಿಯದು, ರುಚಿ ಅವಳದು. ಈ ಸಲ ನನ್ನ ಜಂಬದಿಂದ ಅಕ್ಕನ ಆ ನಾಲ್ಕು ಗಂಟೆಯೇ ಹೋಗುವುದರಲ್ಲಿತ್ತು.

ಗೋವಾದಲ್ಲಿರುವ ನನ್ನ ತಂಗಿ ಚಳಿಗಾಲದಲ್ಲಿ ಬಂದಾಗ ಒಂದು ಸ್ಲೋ ಕುಕ್ಕರ್ ತಂದುಕೊಟ್ಟಿದ್ದಳು. ಒಳಗೆ ಪಿಂಗಾಣಿಯಂಥ ದಪ್ಪ ಗಡಿಗೆ, ಮೇಲೆ ಗಾಜಿನ ಮುಚ್ಚಳ. ಕರೆಂಟಿನ ಮೇಲೆ ಆರೇಳು ತಾಸು ಮೆಲ್ಲಗೆ ಬೇಯಿಸುತ್ತದೆ. ಎಲ್ಲವನ್ನೂ ಒಟ್ಟಿಗೆ ಹಾಕಿ ಮುಚ್ಚಳ ಮುಚ್ಚು, ಮತ್ತೆ ತೆಗೆಯಬೇಡ, ತೆಗೆದರೆ ಕಾವು ಹೋಗುತ್ತದೆ ಎಂದು ಹೇಳಿಕೊಟ್ಟಳು. ಮೊಬೈಲಿನಲ್ಲಿ ಒಬ್ಬ ವಿದೇಶಿ ಹೆಂಗಸು ಇಂಥದರಲ್ಲೇ ಖೈಮಾ ಉಂಡಿಗಳ ಮೇಲೆ ಒಂದು ಸೀಸೆ ದ್ರಾಕ್ಷಿ ಜಾಮು, ಒಂದು ಸೀಸೆ ಮೆಣಸಿನಕಾಯಿ ಸಾಸು ಸುರಿಯುವುದನ್ನು ತೋರಿಸಿದಳು. ಮಾಂಸಕ್ಕೆ ಜಾಮೇ ಎಂದು ಹೊಟ್ಟೆ ಹಿಡಿದು ನಕ್ಕೆ. ಮಾರನೆಯ ದಿನ ಒಬ್ಬಳೇ ಕೂತು ಅದನ್ನು ಮೂರು ಸಲ ನೋಡಿದೆ.

ನೋಡನೋಡುತ್ತ ಗುಟ್ಟು ತಿಳಿಯಿತು. ಸಿಹಿ, ಹುಳಿ, ಖಾರ, ಉಪ್ಪು ಒಂದೇ ತುತ್ತಿನಲ್ಲಿ. ಇದು ನಮಗೇನು ಹೊಸದು? ಸಣ್ಣವರಿದ್ದಾಗ ಹುಣಸೆ, ಬೆಲ್ಲ, ಉಪ್ಪು, ಜೀರಿಗೆ ಕುಟ್ಟಿ ಕಡ್ಡಿಗೆ ಚುಚ್ಚಿ ಚೀಪಿದ ಚಿಗಳಿಯ ರುಚಿಯೇ ಅಲ್ಲವೇ? ಜಾಮಿನ ಜಾಗಕ್ಕೆ ಬೆಲ್ಲ ಬಂತು, ಸಾಸಿನ ಜಾಗಕ್ಕೆ ಹುಣಸೆ ರಸ ಮತ್ತು ಬ್ಯಾಡಗಿ ಮೆಣಸಿನಕಾಯಿ. ಈ ಸಲದ ಇಫ್ತಾರಿಗೆ ಇದೇ ಎಂದು ಗಂಡನಿಗೆ ಹೇಳಿದೆ. ಅಕ್ಕನಿಗೆ ಗೊತ್ತೇನು ಎಂದು ಅವರು ಕೇಳಿದರು. ಅಕ್ಕನಿಗೂ ಇದಕ್ಕೂ ಏನು ಸಂಬಂಧ ಎಂದೆ. ಅವರು ಎಂದಿನಂತೆ ಹೂಂ ಅನ್ನಲಿಲ್ಲ. ಅದನ್ನು ಆಗಲೇ ಗಮನಿಸಬೇಕಿತ್ತು.

ಭಾನುವಾರ ಬೆಳಿಗ್ಗೆ ಖೈಮಾಕ್ಕೆ ಈರುಳ್ಳಿ, ಹಸಿಶುಂಠಿ, ಪುದೀನ, ಹುರಿಗಡಲೆ ಹಿಟ್ಟು ಕಲಸಿ ನೂರರ ಮೇಲೆ ಉಂಡಿ ಕಟ್ಟಿದೆ. ಸುಪಾರಿಗಿಂತ ತುಸು ದೊಡ್ಡವು, ಒಂದಕ್ಕೊಂದು ಅಳೆದಿಟ್ಟ ಹಾಗೆ. ಕಾವಲಿಯಲ್ಲಿ ಸುತ್ತಲೂ ಕೆಂಪಗೆ ಹುರಿದು ಗಡಿಗೆಗೆ ಇಳಿಸಿದೆ. ಮೇಲೆ ಬೆಲ್ಲ, ಹುಣಸೆ, ಮೆಣಸಿನಕಾಯಿ ರಸ. ಉಪ್ಪಿನ ಡಬ್ಬಿ ತೆರೆದು ಒಂದು ಕ್ಷಣ ನಿಂತೆ. ಇಪ್ಪತ್ತೈದು ವರ್ಷ ಒಲೆ ಮುಂದೆ ನಿಂತವಳ ಕೈಗೆ ಅಂದಾಜು ಇಲ್ಲವೇ? ಹಾಕಿದೆ. ಹನ್ನೊಂದಕ್ಕೆ ಮುಚ್ಚಳ ಮುಚ್ಚಿದೆ.

ಮಧ್ಯಾಹ್ನ ನರಗುಂದದಿಂದ ನಾದಿನಿ ಬಂದಳು. ಗಂಡನ ತಂಗಿ, ಇದೇ ಮನೆಯಲ್ಲಿ ಬೆಳೆದವಳು, ಕೆಲಸಕ್ಕೆ ಒಂದು ಕೈ ಮುಂದೆ. ಗಾಜಿನ ಮುಚ್ಚಳದೊಳಗೆ ಮೆಲ್ಲಗೆ ಗುಳುಗುಳು ಎನ್ನುತ್ತಿದ್ದ ಉಂಡಿಗಳನ್ನು ನೋಡಿ ಬಾಯಿ ಮೇಲೆ ಕೈಯಿಟ್ಟಳು. ನನಗೆ ಇನ್ನೊಂದು ಗೇಣು ಎತ್ತರ ಹೆಚ್ಚಿದಂತಾಯಿತು. ಮನೆ ತುಂಬ ಪರಿಮಳ, ನಮ್ಮಿಬ್ಬರಿಗೂ ರೋಜಾ, ಪರಿಮಳವನ್ನೇ ಉಣ್ಣುತ್ತ ಬದನೆಕಾಯಿ ಹೆಚ್ಚಿದೆವು. ಆಮೇಲೆ ನಾದಿನಿ ಒಳಕೋಣೆಗೆ ಹೋಗಿ ತುಸು ಅಡ್ಡಾದಳು.

ನಾಲ್ಕಕ್ಕೆ ಅಕ್ಕ ಬಂದಳು. ಕೈ ತೊಳೆದುಕೊಂಡು, ಸೆರಗು ಸಿಕ್ಕಿಸಿಕೊಂಡು ಕಟ್ಟೆಯ ಮೇಲೆ ಕೂತು ಅಂಗೈ ಚಾಚಿದಳು.

"ಈ ಸಲ ಬ್ಯಾಡ ಅಕ್ಕಾ," ಎಂದೆ. "ಖೈಮಾ, ರಸಾ ಎಲ್ಲಾ ಕೂಡಿಸೇ ಹಾಕೇನಿ. ಮಷೀನೇ ನೋಡಿಕೊಳ್ತತಿ."

ಅಕ್ಕ ಚಾಚಿದ ಕೈಯನ್ನು ತಟ್ಟನೆ ಹಿಂದೆ ತೆಗೆಯಲಿಲ್ಲ. ಒಳಗೆ ಅಡುಗೆಕಟ್ಟೆಯ ಮೇಲಿದ್ದ ಸ್ಲೋ ಕುಕ್ಕರಿನ ಕಡೆ ನೋಡಿದಳು, ನನ್ನ ಕಡೆ ನೋಡಿದಳು. "ಚಲೋ ಆತ ಬಿಡವಾ," ಎಂದಳು. ಎದ್ದು, ಹಿತ್ತಲ ಬಾಗಿಲಿನಿಂದಲ್ಲ, ಪಡಸಾಲೆ ದಾಟಿ ಮುಂಬಾಗಿಲಿನಿಂದ ಹೋದಳು. ನೆಂಟರು ಹೋಗುವ ಬಾಗಿಲು ಅದು. ನನಗೆ ಒಳಗೆಲ್ಲೋ ಚುರುಕ್ ಎಂದಿತು. ಸುಳ್ಳೇಕೆ ಹೇಳಲಿ, ಅದನ್ನು ಅಲ್ಲೇ ಒತ್ತಿಬಿಟ್ಟೆ. ಮೂವತ್ತು ಮಂದಿ ಬರುವವರಿದ್ದರು.

ಪಡಸಾಲೆಯಲ್ಲಿ ಅಕ್ಕ ಹೋಗುವುದನ್ನು ಆಗತಾನೇ ಎದ್ದ ನಾದಿನಿ ನೋಡಿದ್ದಾಳೆ. ಅಕ್ಕ ಬಂದು ಹೋದಳೆಂದರೆ ರುಚಿ ನೋಡಿದ್ದಾಯಿತು, ಇನ್ನು ಉಪ್ಪು ಬೀಳಬೇಕು. ಈ ಮನೆಯ ಮಗಳಿಗೆ ಅದು ಗೊತ್ತಿಲ್ಲವೇ? ನಾನು ಸಂಜೆಯ ಅಸರ್ ನಮಾಜಿಗೆ ನಿಂತಿದ್ದೆ. ಭಾಭಿ ಮರೆತಾಳು ಎಂದು ನಾದಿನಿ ಮುಚ್ಚಳ ತೆಗೆದು, ಮೂವತ್ತು ಮಂದಿಯ ಲೆಕ್ಕಕ್ಕೆ ನಾಲ್ಕು ದೊಡ್ಡ ಚಮಚ ಉಪ್ಪು ಹಾಕಿ ತಿರುವಿ ಮುಚ್ಚಿದಳು. ಐದು ಗಂಟೆಗೆ ನಾನು ಜಾನಮಾಜ್ ಚಾಪೆ ಮಡಚುತ್ತಿದ್ದಾಗ ಅದನ್ನು ಉಪಕಾರದಂತೆ ಹೇಳಿದಳು.

ಅವಳನ್ನು ಬೈಯುವಂತೆಯೂ ಇರಲಿಲ್ಲ. ಪದ್ಧತಿ ಮುರಿದವಳು ನಾನು, ಪಾಲಿಸಿದವಳು ಅವಳು. ಇಫ್ತಾರಿಗೆ ಒಂದೂವರೆ ತಾಸಿತ್ತು. ಓಣಿಯಲ್ಲಿ ಮಾಂಸ ತಿನ್ನುವ ಮನೆಗಳಲ್ಲೆಲ್ಲ ರೋಜಾ. ಶಾಲೆಯವರು ಬರುವುದು ಹೊತ್ತು ಮುಳುಗುವ ಹೊತ್ತಿಗೆ. ನನಗೆ ತೋಚಿದ್ದು ಒಂದೇ ಬಾಗಿಲು, ಆ ಬಾಗಿಲಿಗೆ ನಾನೇ ಒಂದು ತಾಸಿನ ಹಿಂದೆ ಅಗಳಿ ಹಾಕಿದ್ದೆ.

ಅಕ್ಕನ ಮನೆಗೆ ಹೋದೆ. ನಮ್ಮ ಕೂಟಕ್ಕೆಂದೇ ಮಾಡಿದ ರೊಟ್ಟಿಗಳನ್ನು ಬಟ್ಟೆಯಲ್ಲಿ ಕಟ್ಟುತ್ತಿದ್ದಳು. ನಡೆದದ್ದನ್ನೆಲ್ಲ ಹೇಳಿದೆ. ಅವಳು ಗಂಟು ಬಿಗಿದು ಮುಗಿಸುವವರೆಗೆ ತಲೆ ಎತ್ತಲಿಲ್ಲ.

"ಮಷೀನ ನೋಡಿಕೊಳ್ತತಿ ಅಂದಿ," ಎಂದಳು.

"ಅಂದೆ. ತಪ್ಪಾತು ಅಕ್ಕಾ."

ನಾನು ಹಾಗೆ ಯಾರಿಗೂ ಸುಲಭಕ್ಕೆ ಹೇಳುವವಳಲ್ಲ, ಅದು ಅವಳಿಗೂ ಗೊತ್ತು. ಎದ್ದು ಕೈ ತೊಳೆಯಲು ಬಚ್ಚಲಿಗೆ ಹೋದಳು. ಅಷ್ಟರಲ್ಲಿ ದೊಡ್ಡ ಸೊಸೆ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದಳು: ರೊಟ್ಟಿ ಒಯ್ಯಲು ಬಂದವರಿಗೆಲ್ಲ ನಮ್ಮತ್ತೆ ಬೆಳಿಗ್ಗೆಯಿಂದ, ನಾಲ್ಕಕ್ಕೆ ನಾನು ಸಿಗುವುದಿಲ್ಲ, ಟೀಚರ ಮನೆಯಲ್ಲಿ ಕೆಲಸವಿದೆ ಎಂದು ಹೇಳುತ್ತಿದ್ದರು. ನಿಮ್ಮ ಮನೆಯಿಂದ ಬಂದಮೇಲೆ ಒಂದು ಮಾತೂ ಆಡಿಲ್ಲ. ಪ್ರತಿ ವರ್ಷ ನಿಮ್ಮ ಮನೆಯ ಕೂಟದ ಮರುದಿನ, ಆ ಊಟದ ರುಚಿ ನನ್ನದು ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಾರೆ.

ನನಗೆ ನಾಚಿಕೆಯಾಯಿತು. ನನ್ನ ಕೆಲಸ ಸುಗಮವಾಗಲೆಂದು ಅಕ್ಕ ಬರುತ್ತಾಳೆ ಎಂದು ಇಷ್ಟು ವರ್ಷ ತಿಳಿದಿದ್ದೆ. ನನ್ನ ಕೂಟದಲ್ಲಿ ಒಂದು ತುತ್ತೂ ತಿನ್ನದ ಅವಳಿಗೆ ಅದರಲ್ಲಿ ಪಾಲಿತ್ತು. ಹೊಸ ಪಾತ್ರೆ ಬಂದ ಖುಷಿಯಲ್ಲಿ ಆ ಪಾಲನ್ನು ಕಿತ್ತುಕೊಂಡಿದ್ದೆ.

ಅಕ್ಕ ಈ ಸಲ ಹಿತ್ತಲ ಬಾಗಿಲಿನಿಂದಲೇ ಬಂದಳು. ಕಟ್ಟೆಯ ಮೇಲೆ ಕೂತು ವಿಚಾರಣೆ ಮಾಡಿದಳು. ನಾನು ಎಷ್ಟು ಹಾಕಿದ್ದೆ, ಎಷ್ಟು ಹೊತ್ತಿಗೆ? ನಾದಿನಿ ಎಷ್ಟು ಹಾಕಿದಳು, ಎಷ್ಟು ಹೊತ್ತಾಯಿತು? ಆಮೇಲೆ ತೀರ್ಪು ಕೊಟ್ಟಳು. ಎರಡನೇ ಉಪ್ಪು ಬಿದ್ದು ಅರ್ಧ ತಾಸೂ ಆಗಿಲ್ಲ, ಉಂಡಿಗಳ ಹೊಟ್ಟೆಗೆ ಅದು ಇಳಿದಿರಲಿಕ್ಕಿಲ್ಲ, ಉಪ್ಪೆಲ್ಲ ರಸದಲ್ಲಿದೆ. ರಸ ಬಸಿದುಬಿಡು, ಹೊಸದು ಕುದಿಸು. ಮಾಂಸವನ್ನು ಕಣ್ಣೆತ್ತಿಯೂ ನೋಡದವಳು ಅದರ ಹೊಟ್ಟೆಯೊಳಗಿನ ಉಪ್ಪನ್ನು ಕೂತಲ್ಲಿಂದಲೇ ಅಳೆದಿದ್ದಳು.

ನಾದಿನಿ ಉಂಡಿಗಳನ್ನು ಒಂದೊಂದಾಗಿ ಅಗಲ ಪಾತ್ರೆಗೆ ಎತ್ತಿಟ್ಟು ರಸ ಚೆಲ್ಲಿದಳು. ನಾನು ಮಾಂಸ ಮುಟ್ಟದ ಪಾತ್ರೆಯಲ್ಲಿ ಬೆಲ್ಲ, ಹುಣಸೆ, ಮೆಣಸಿನಕಾಯಿ ಕುದಿಸಿ ಅಕ್ಕನ ಅಂಗೈಗೆ ಹನಿಸಿದೆ. ನೆಕ್ಕಿದಳು, ಕಣ್ಣು ಮುಚ್ಚಿದಳು. ಬೆಲ್ಲ ಇನ್ನೊಂದು ಹೆಂಟೆ ಎಂದಳು. ಹಾಕಿದೆ. ಮತ್ತೆ ನೆಕ್ಕಿದಳು. ಹುಳಿ ಮುಂದೆ ಬರುತ್ತಿದೆ, ತುಸು ನೀರು ಎಂದಳು. ಉಪ್ಪಿನ ಡಬ್ಬಿಯನ್ನು ತನ್ನ ಕಡೆ ಎಳೆದುಕೊಂಡು ತಾನೇ ಒಂದು ಚಿಟಿಕೆ ತೆಗೆದು ಪಾತ್ರೆಗೆ ಬಿಟ್ಟಳು. ಉಳಿದದ್ದನ್ನು ಉಂಡಿಗಳೇ ಬಿಟ್ಟುಕೊಡುತ್ತವೆ ಎಂದಳು. ಒಲೆಯ ಮುಂದೆ ನಾನು ಇನ್ನೊಬ್ಬರ ಮಾತು ಕೇಳುತ್ತ ನಿಂತದ್ದು ಕಂಡು, ಬಾಗಿಲಲ್ಲಿ ಇಣುಕಿದ ಗಂಡ ಏನೋ ಕೆಲಸ ನೆನಪಾದವರಂತೆ ಹಿಂದೆ ಸರಿದರು. ಅವರ ಭುಜ ಕುಲುಕುತ್ತಿತ್ತು.

ಹೊಸ ರಸ ಸುರಿದು ಗ್ಯಾಸಿನ ಸಣ್ಣ ಉರಿಯಲ್ಲಿ ಅರ್ಧ ತಾಸು ಇಟ್ಟೆ. ಆರು ಗಂಟೆಗೆ ಅಕ್ಕ ಮನೆಗೆ ಹೋದಳು. ಖರ್ಜೂರ, ಹಣ್ಣು, ಶರಬತ್ತು ಮುಂದಿಟ್ಟುಕೊಂಡು ಕೂತೆವು. ಮಸೀದಿಯ ಬಾಂಗ್ ಕೇಳಿತು. ಖರ್ಜೂರ ಬಾಯಿಗೆ ಹಾಕಿ, ನೀರು ಕುಡಿದು, ಯಾರಿಗೂ ಕಾಣದಂತೆ ಒಂದು ಉಂಡಿ ಮುರಿದು ತಿಂದೆ. ಮೊದಲು ಬೆಲ್ಲ, ಅದರ ಬೆನ್ನಿಗೆ ಹುಳಿ, ಖಾರ ಕೊನೆಗೆ. ಉಪ್ಪು ಎಲ್ಲಿತ್ತು ಎಂದು ಹುಡುಕಿದೆ, ಬೇರೆಯಾಗಿ ಸಿಗಲಿಲ್ಲ. ನಾನು ಮಾಡಿದ ಅಡುಗೆಗಳಲ್ಲೇ ಚೆನ್ನಾದದ್ದು ಎಂದು ಹೇಳಲು ನನಗೇನೂ ಸಂಕೋಚವಿಲ್ಲ, ಜಂಬ ನನ್ನ ಹುಟ್ಟುಗುಣ. ಎರಡು ತುಂಬು ಹರಿವಾಣಗಳು ಖಾಲಿಯಾದವು. ಶಾಕಾಹಾರಿ ಸಹೋದ್ಯೋಗಿಗಳು ಕೂಡ ಬದನೆಕಾಯಿ ಪಲ್ಯ, ರೊಟ್ಟಿ ತಿನ್ನುತ್ತ ಆ ಪರಿಮಳದ ಬಗ್ಗೆ ವಿಚಾರಿಸಿದರು. ಮುಖ್ಯಗುರುಗಳು ಮೂರನೇ ಸಲ ಹಾಕಿಸಿಕೊಂಡು, ಮಷೀನು ಭಾರಿ ಇದೆ, ಎಲ್ಲಿ ತಂದಿರಿ ಎಂದು ಕೇಳಿದರು. ಮಷೀನು ಗೋವಾದ್ದು, ರುಚಿ ಪಕ್ಕದ ಮನೆಯದು ಎಂದೆ. ಅವರು ತಮಾಷೆಯೆಂದು ನಕ್ಕರು. ನಾನು ಬಿಡಲಿಲ್ಲ. ನಡೆದದ್ದೆಲ್ಲವನ್ನೂ, ನಾನು ಅಕ್ಕನನ್ನು ಕಳಿಸಿದ್ದನ್ನೂ ಸೇರಿಸಿ, ಎಲ್ಲರ ಮುಂದೆ ಹೇಳಿದೆ. ತಪ್ಪು ತನ್ನ ತಲೆಗೆ ಬರಲಿಲ್ಲವೆಂದು ನಾದಿನಿ ನೆಮ್ಮದಿಯಿಂದ ಉಸಿರು ಬಿಟ್ಟಳು.

ಮರುದಿನ ಬೆಳಿಗ್ಗೆ ಶಾಲೆಯ ಬಸ್ಸಿಗೆ ಹೋಗುವ ಮೊದಲು ಒಂದು ತಟ್ಟೆ ಖರ್ಜೂರ, ಹಣ್ಣು ತೆಗೆದುಕೊಂಡು ಅಕ್ಕನ ಮನೆಗೆ ಹೋದೆ. ಅಕ್ಕ ರೊಟ್ಟಿ ತಟ್ಟುತ್ತಿದ್ದಳು. ಎಷ್ಟು ಮಂದಿ ಬಂದರು, ಏನು ಹೊಗಳಿದರು ಎಂದು ಕೇಳಲಿಲ್ಲ.

"ಉಪ್ಪಿಗೆ ಏನಂದ್ರು?"

"ಯಾರೂ ಉಪ್ಪಿನ ಮಾತ ಎತ್ತಲಿಲ್ಲಕ್ಕಾ."

"ಹಂಗಾದ್ರ ಬರೋಬರಿ ಆಗೇತಿ," ಎಂದು ರೊಟ್ಟಿಯನ್ನು ಹೆಂಚಿಗೆ ಹಾಕಿ ಮೇಲೆ ನೀರು ಸವರಿದಳು. ನನಗೆ ಬಸ್ಸಿನ ಹೊತ್ತಾಗುತ್ತಿತ್ತು. ಮುಂದಿನ ವರ್ಷ ಹಿಂಗಾಗುವುದಿಲ್ಲ, ನಾನೇ ಬಂದು ನಿಮ್ಮನ್ನು ಕರೆದುಕೊಂಡು ಹೋಗುತ್ತೇನೆ ಎಂದೆ. ಅಕ್ಕ ಹಿಟ್ಟಿನ ಕೈಯನ್ನು ಹಾಗೇ ಹಿಡಿದು ನನ್ನ ಮುಖ ನೋಡಿದಳು.

"ಕರಿಯಾಕ ಬರಬ್ಯಾಡ. ನೀ ಕರದ್ರ ನಾ ಹೊರಗಿನಾಕಿ ಆಗ್ತೀನಿ. ನಾಕಕ್ಕ ನಾನ ಬರ್ತೀನಿ."