ಬೈದಂತೆ ಓದಿದ ಅರಬಿ ಕಾಗದ

ಭಾಷೆ ಮನುಷ್ಯನನ್ನು ಮನುಷ್ಯನ ಹತ್ತಿರ ತರುತ್ತದೆ ಎನ್ನುತ್ತಾರೆ. ಅಂಚೆ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಕಳೆದ ನಾನು ಕಂಡಂತೆ, ಹತ್ತಿರ ತರುವುದು ಪೋಸ್ಟ್‌ಮನ್ನನ ಸೈಕಲ್ಲು. ಅದೂ ಪಂಕ್ಚರ್ ಆಗದಿದ್ದರೆ.

೧೯೮೭ರಲ್ಲಿ ನಾನು ಸಿಂಧನೂರಿನ ಒಂದು ಅಂಚೆ ಕಚೇರಿಯಲ್ಲಿ ಸಬ್ ಪೋಸ್ಟ್‌ಮಾಸ್ಟರ್ ಆಗಿದ್ದೆ. ಮೇಲಿನವರ ಬೈಗುಳವನ್ನೂ ಊರವರ ಬೈಗುಳವನ್ನೂ ಒಂದೇ ಕುರ್ಚಿಯಲ್ಲಿ ಕುಳಿತು ಸ್ವೀಕರಿಸುವ ಹುದ್ದೆ ಅದು. ಕಾಲುವೆಗೆ ನೀರು ಬಿಟ್ಟಿದ್ದ ದಿನಗಳು. ಮಧ್ಯಾಹ್ನವಾದರೆ ಗದ್ದೆಯ ತಂಪು ಗಾಳಿ ಕಿಟಕಿಯಿಂದ ಬಂದು, ಮುದ್ರೆ ಒತ್ತುವ ಸದ್ದೂ ಎಲ್ಲೋ ದೂರದ್ದೆನಿಸುತ್ತಿತ್ತು.

ಅಂಥದೊಂದು ಮಧ್ಯಾಹ್ನ ಗೊರೇಬಾಳದ ಹುಲಿಗೆಮ್ಮ ತನ್ನ ಮಾವ ಹನುಮಂತಪ್ಪನೊಡನೆ ಬಂದಳು. ಅವಳ ಗಂಡ ದುರುಗಪ್ಪ ಅರಬರ ನಾಡಿನಲ್ಲಿ ಕುರಿ ಕಾಯಲು ಹೋದವನು, ಹನ್ನೊಂದು ತಿಂಗಳಿಂದ ಸುದ್ದಿಯಿಲ್ಲ. ಎಂಟು ದಿನದ ಹಿಂದೆ ಒಂದು ರಿಜಿಸ್ಟರ್ ಲಕೋಟೆ ಬಂದಿತ್ತು. ಮೂಲೆಯಲ್ಲಿ ಅರಬಿ ಅಕ್ಷರ ಕಂಡದ್ದೇ ತಡ, ಮನೆಯವರು ಅದನ್ನು ದೇವರ ಜಗಲಿಯ ಮೇಲಿಟ್ಟು ಕುಂಕುಮ ಹಚ್ಚಿ ಊದುಬತ್ತಿ ಬೆಳಗಿದ್ದರು. ಒಡೆಯುವ ಧೈರ್ಯ ಮಾತ್ರ ಯಾರಿಗೂ ಆಗಿರಲಿಲ್ಲ. ಅದು ಸಾವಿನ ಕಾಗದವೆಂದು ಹಿರಿಯರು ತೀರ್ಮಾನಿಸಿ, ಬರುವ ಅಮಾವಾಸ್ಯೆಗೆ ಹುಲಿಗೆಮ್ಮನ ಬಳೆ ಒಡೆಯುವುದೆಂದು ಗೊತ್ತುಮಾಡಿದ್ದರು.

"ಓದಿ ಹೇಳ್ರಿ ಸಾಹೇಬ್ರ. ಸತ್ತಿದ್ರ ಸತ್ತಾನ ಅಂತಾದ್ರೂ ತಿಳೀಲಿ," ಎಂದಳು.

ಪರರ ಪತ್ರ ಒಡೆಯುವುದು ನಮ್ಮಲ್ಲಿ ಮಹಾಪರಾಧ. ಅವಳ ಕೈಯಿಂದಲೇ ಒಡೆಸಿದೆ. ಒಳಗೆ ಟೈಪು ಮಾಡಿದ ಒಂದು ಹಾಳೆ, ಪೂರ್ತಿ ಅರಬಿ.

ಪಕ್ಕದ ಮಸೀದಿಯಲ್ಲಿ ಮಕ್ಕಳಿಗೆ ಕುರಾನ್ ಕಲಿಸುತ್ತಿದ್ದ ಖಾಸಿಂ ಹಜರತರನ್ನು ಕರೆಸಿದೆ. ಅವರು ಕೈಕಾಲು ತೊಳೆದು ಬಂದು, ಕಣ್ಣು ಅರೆ ಮುಚ್ಚಿ ರಾಗವಾಗಿ ಓದತೊಡಗಿದರು. ಕಚೇರಿಯೇ ತೇಲಿದಂತಾಯಿತು. ಸ್ಟಾಂಪಿಗೆ ನಿಂತವರು ತಲೆಯ ಮೇಲೆ ಟವೆಲ್ ಹಾಕಿಕೊಂಡರು. ಹನುಮಂತಪ್ಪ ಕೈ ಮುಗಿದ. ನನಗೂ ಒಂದು ಗಳಿಗೆ, ತೂಕದ ತಕ್ಕಡಿ ತಾನಾಗಿ ತೂಗಿದಂತೆ ಕಂಡಿತು. ಓದು ಮುಗಿಯಿತು. ಏನಂತೆ ಎಂದು ಕೇಳಿದೆ.

"ಓದಾಕ ಬರ್ತೈತಿ, ಅರ್ಥ ನಂಗ ಬರಂಗಿಲ್ರಿ," ಎಂದರು ಹಜರತರು, ಸಂಕೋಚದಿಂದ. ಅರಬಿ ಎಂದರೆ ಸಾಫಾಗಿ, ಸ್ಪಷ್ಟವಾಗಿ ಹೇಳುವುದು ಎಂದು ಅವರ ಉಸ್ತಾದರು ಹೇಳುತ್ತಿದ್ದರಂತೆ. ಆ ಸ್ಪಷ್ಟತೆ ಬಾರದವರಿಗೆ ಅಜಮಿ ಎನ್ನುತ್ತಾರಂತೆ. ಅರಬಿ ಎಂಬುದು ಮರುಭೂಮಿಯಲ್ಲಿ ಅಲೆಯುವವರಿಂದ ಬಂದ ಹೆಸರೆನ್ನುವವರೂ ಇದ್ದಾರೆಂದು ಮುಂದೆ ಓದಿದೆ. ಅಂದು ಮಾತ್ರ ಭಾರತ ಸರ್ಕಾರದ ಆ ಕಚೇರಿ ಸಮಸ್ತವಾಗಿ ಅಜಮಿಯಾಗಿ ಕುಳಿತಿತ್ತು.

ಆಗ ಮಸ್ಕಿಯ ಶರಣಪ್ಪನ ನೆನಪಾಯಿತು. ಆರು ವರ್ಷ ಅರಬರ ನಾಡಿನಲ್ಲಿ ಕ್ರೇನ್ ಓಡಿಸಿ ಬಂದು, ಬಸ್ ಸ್ಟ್ಯಾಂಡಿನ ಬಳಿ ಜೀಪು ರಿಪೇರಿ ಮಾಡುತ್ತಿದ್ದ. ಗ್ರೀಸು ಕೈಯಲ್ಲೇ ಬಂದ. ಒಂದಕ್ಷರ ಓದಲು ಬಾರದು, ಕೇಳಿದರೆ ತಿಳಿಯುತ್ತದೆ ಎಂದ. ಹಜರತರು ಮತ್ತೆ ರಾಗ ತೆಗೆದರು. ಶರಣಪ್ಪ ಬಾಯಿ ತೆರೆದು ಕೇಳಿ, ತಲೆ ಕೊಡವಿದ.

"ಹಂಗಲ್ರೀ ಹಜರತ್. ನಾ ಕೇಳಿದ್ದೆಲ್ಲ ಫೋರ್ಮನ್ ಬಾಯಾಗ. ಬೈದಂಗ ಓದ್ರಿ."

ಜೀವಮಾನದಲ್ಲಿ ಆ ಭಾಷೆಯನ್ನು ರಾಗವಿಲ್ಲದೆ ಉಚ್ಚರಿಸದ ಹಿರಿಯರು ನನ್ನತ್ತ ನೋಡಿದರು. ಹುಲಿಗೆಮ್ಮನ ಬಳೆಗಳತ್ತ ನೋಡಿದರು. ಶಾಲು ಸರಿಸಿ, ಗಂಟಲು ಸರಿಪಡಿಸಿಕೊಂಡು, ಹಾಳೆಯನ್ನು ಬೈಯತೊಡಗಿದರು. ಕುರಾನಿನಲ್ಲಿರುವಂತೆ ಇದರಲ್ಲಿ ಸ್ವರಚಿಹ್ನೆಗಳಿರಲಿಲ್ಲ. ಅವರು ತಡವರಿಸಿದಲ್ಲಿ ಶರಣಪ್ಪ ಕಿವಿಯ ನೆನಪಿನಿಂದ ಪದವನ್ನು ನೆಟ್ಟಗೆ ಮಾಡುತ್ತಿದ್ದ.

"ಮುಸ್ತಶ್ಫಾ... ದವಾಖಾನಿರಿ," ಎಂದ. ಹುಲಿಗೆಮ್ಮ ಬಲಗೈಯಿಂದ ಎಡಗೈ ಬಳೆಗಳನ್ನು ಮುಚ್ಚಿಕೊಂಡಳು.

"ಕಸ್ರ್. ಮುರದೈತಿ. ಸಾಖ್ ಅಂದ್ರ ಕಾಲು."

"ಮುಂದ?" ಹನುಮಂತಪ್ಪ ಹಾಳೆಯತ್ತ ಬಾಗಿದ.

"ಮುಂದೇನಜ್ಜ, ಕಾಲು ಮುರದೈತಿ. ಸತ್ತವನ ಕಾಲಿನ ಉಸಾಬರಿ ಯಾರಿಗ್ ಬೇಕು? ಬದುಕ್ಯಾನ. ನಡ್ಯಾಕ ಬಂದ್ ಕೂಡ್ಲೆ ಊರಿಗೆ ಕಳಸ್ತಾರಂತ."

ಹುಲಿಗೆಮ್ಮ ಅಳಲಿಲ್ಲ. ಇನ್ನೊಮ್ಮೆ ಓದಬೇಕೆಂದಳು, ಈ ಸಲ ರಾಗವಾಗಿ. ಹಜರತರು ಓದಿದರು. ಕಾಲು ಮುರಿದ ವರದಿ ಅಷ್ಟು ಇಂಪಾಗಿ ಎಲ್ಲೂ ಕೇಳಿಸಿರಲಾರದು.

ಸಹಿ ಬಿದ್ದರೆ ಬಟವಾಡೆ ಮುಗಿಯಿತು ಎನ್ನುತ್ತದೆ ನಮ್ಮ ನಿಯಮ ಪುಸ್ತಕ. ಆ ಪತ್ರಕ್ಕೆ ಎಂಟು ದಿನದ ಹಿಂದೆಯೇ ಹೆಬ್ಬೆಟ್ಟು ಬಿದ್ದಿತ್ತು. ಬಟವಾಡೆಯಾದದ್ದು ಅಂದು, ಮಧ್ಯಾಹ್ನ ಮೂರೂಕಾಲಿಗೆ. ಅಂದಿನಿಂದ ನಿವೃತ್ತಿಯವರೆಗೆ, ಪತ್ರ ಕೊಟ್ಟ ಮೇಲೆ ತಿಳಿಯಿತೇ ಎಂದೂ ಕೇಳುತ್ತಿದ್ದೆ.

ನಾಲ್ಕು ತಿಂಗಳ ಮೇಲೆ ದುರುಗಪ್ಪ ಕೋಲು ಹಿಡಿದು ಗೊರೇಬಾಳದಲ್ಲಿ ಬಸ್ಸಿಳಿದ. ಎಡಗಾಲು ಒಂದು ಅಂಗುಲ ಗಿಡ್ಡವಾಗಿತ್ತು.