ಚಿಕ್ಕಪ್ಪನ ಕಾಲು, ಚಿಕ್ಕಮ್ಮನ ರಂಗೋಲಿ

ಕಾಯಿಲೆಗೆ ಮದ್ದು ಸಿಗುವುದು ಕಷ್ಟ. ಕಾರಣ ಮಾತ್ರ ಮನೆ ಬಾಗಿಲಿಗೇ ಬರುತ್ತದೆ. ರಾಜಾಜಿನಗರದ ನಮ್ಮ ಹೊಸ ಬಡಾವಣೆಗೆ ಇನ್ನೂ ನಲ್ಲಿ ನೀರು ಬಂದಿರಲಿಲ್ಲ, ಆಗಲೇ ಚಿಕ್ಕಪ್ಪನ ಬಲಗೈ ಸುಮ್ಮನೆ ಕೂತಾಗಲೆಲ್ಲ ನಡುಗತೊಡಗಿತು. ನಶ್ಯ ಎಂದರು ಒಬ್ಬರು. ಕಾಫಿ ಎಂದರು ಇನ್ನೊಬ್ಬರು, ನಮ್ಮನೆಯಲ್ಲೇ ಎರಡನೇ ಲೋಟ ಮುಗಿಸುತ್ತ. ಎದುರುಮನೆಯ ಕೆಂಪಮ್ಮನವರ ಹೊಲದ ಮೇಲೇ ನಮ್ಮ ಬೀದಿ ಎದ್ದಿತ್ತು. "ಗಾಳಿ ಸೋಕಿರೋದು ಕಣಪ್ಪ. ಆ ಜಾಗಕ್ಕೆ ನಮ್ಮ ಮಾವನೋರೇ ಹೆದರ್ತಿದ್ರು" ಎಂದರು ಅವರು. ಚಿಕ್ಕಮ್ಮನ ಜೊತೆ ಇಷ್ಟು ವರ್ಷ ಸಂಸಾರ ಮಾಡಿದ್ದೇ ಕಾರಣವಿರಬೇಕು ಎಂದು ನಾನೂ ಹೇಳಿ, ಅವತ್ತಿನ ತಿಂಡಿ ಕಳೆದುಕೊಂಡೆ.

ಡಾಕ್ಟರು ಮಾತ್ರ ಪಾರ್ಕಿನ್ಸನ್ ಕಾಯಿಲೆ ಎಂದರು. "ಮಿದುಳಿನ ಆಳದಲ್ಲಿ ಕಪ್ಪಗಿರೋ ಒಂದು ಚಿಕ್ಕ ಭಾಗ ಇದೆ. ಅದು ಬಾಡಿ ಬಣ್ಣ ಕಳ್ಕೊಳ್ಳುತ್ತೆ. ಆಮೇಲೆ ಮೈ ಹೇಳಿದ ಮಾತು ಕೇಳಲ್ಲ, ಮುಖದಲ್ಲಿ ನಗು ಬರಲ್ಲ."

"ಯಾಕೆ ಹಾಗಾಗುತ್ತೆ ಸಾರ್?" ಎಂದೆ ನಾನು.

"ಕೆಲವರಿಗೆ ಮಿದುಳು ಜ್ವರದ ನಂತರ ಬರುತ್ತೆ. ಇವರಿಗೆ ಯಾಕೋ, ಗೊತ್ತಿಲ್ಲ."

ಇಡೀ ಬೀದಿಗೆ ಗೊತ್ತಿರುವುದು ಡಾಕ್ಟರಿಗೆ ಗೊತ್ತಿಲ್ಲವಲ್ಲ ಎಂದು ಚಿಕ್ಕಮ್ಮ ಸಿಡಿಮಿಡಿಗೊಂಡರು.

ಚಿಕ್ಕಪ್ಪನಿಗೆ ಕಾರಣ ಬೇಕಿರಲಿಲ್ಲ. ಮಾಘದಲ್ಲಿ ಮಗಳ ಮದುವೆ. ಧಾರೆಗೆ ತಾವೇ ನಡೆದು ಹೋಗಬೇಕು, ಅಷ್ಟೆ. ಕುರ್ಚಿಯಲ್ಲಿ ಹೊತ್ತೊಯ್ಯೋಣ ಎಂದರೆ, "ನನ್ನ ಹೊರೋದು ಒಂದೇ ಸಲ. ಅದಕ್ಕಿನ್ನೂ ಟೈಮಿದೆ" ಎಂದರು. ಆದರೆ ಹೊಸ್ತಿಲ ಬಳಿ ಬಂದರೆ ಸಾಕು, ಕಾಲು ನೆಲಕ್ಕೆ ಅಂಟಿಕೊಳ್ಳುತ್ತಿತ್ತು.

ಒಂದು ಬೆಳಗ್ಗೆ ಹಾಗೆ ಅಂಟಿ ನಿಂತಿದ್ದಾಗ, ಚಿಕ್ಕಮ್ಮ ಅವರ ಕಾಲ ಮುಂದೆಯೇ ರಂಗೋಲಿ ಎಳೆಯುತ್ತ, "ರೀ, ತುಳಿದೀರಾ ಜೋಕೆ!" ಎಂದು ಗದರಿದರು. ಚಿಕ್ಕಪ್ಪ ಕಾಲೆತ್ತಿ ಗೆರೆ ದಾಟಿಯೇಬಿಟ್ಟರು! ಇನ್ನೊಂದು ಗೆರೆ ಎಳೆದರೆ ಇನ್ನೊಂದು ಹೆಜ್ಜೆ. ಮಿದುಳಿಗೆ ಜಗ್ಗದ ಕಾಲು ಚಿಕ್ಕಮ್ಮನ ರಂಗೋಲಿಗೆ ಹೆದರಿತ್ತು.

ಮದುವೆ ದಿನ ಚಪ್ಪರದ ಬಾಗಿಲಿಂದ ಮಂಟಪದವರೆಗೂ ಅಡ್ಡಡ್ಡ ಗೆರೆಗಳು. ಚಿಕ್ಕಪ್ಪ ಒಂದೊಂದೇ ದಾಟಿ ಹೋದರು. ಅವರ ಕೈ ನಡುಗಿ ಧಾರೆಯ ಹಾಲು ಅಳಿಯನ ಪಂಚೆಗೂ ಬಿತ್ತು. ನಾನು ನಗುತ್ತಲೇ ಕಣ್ಣೊರೆಸಿಕೊಂಡೆ.

ಮರುವರ್ಷ ಕೆಂಪಮ್ಮನವರ ಮೊಮ್ಮಗಳ ಮದುವೆ. ಅಲ್ಲೂ ಅದೇ ಅಡ್ಡಗೆರೆಗಳು! ಇದ್ಯಾಕಮ್ಮ ಎಂದೆ.

"ಹೆಣ್ಣಿನ ತಂದೆಗೆ ಗಾಳಿ ಸೋಕಬಾರ್ದು ಅಂತ ಕಣಪ್ಪ. ಹಿಂದಿನಿಂದ್ಲೂ ಬಂದಿರೋದು."

ಪಕ್ಕದಲ್ಲಿದ್ದ ಚಿಕ್ಕಪ್ಪನ ಮುಖದಲ್ಲಿ ನಗುವಿನ ಸುಳಿವೇ ಇರಲಿಲ್ಲ. ಮೊಣಕೈಯಿಂದ ಮಾತ್ರ ನನ್ನ ಪಕ್ಕೆಗೆ ಜೋರಾಗಿ ತಿವಿದರು.